ಕೆಟ್ಟ ಗಾಳಿ ತಂಡದ ಎರಡು ಪ್ರತಿಗಳು

ನನ್ನ ಮನೆಯಲ್ಲಿ ಸಾವಿರದ ನಾನೂರು ಚಿಲ್ಲರೆ ರೆಕಾರ್ಡುಗಳಿವೆ. ಅವುಗಳಲ್ಲಿ ಪೂರ್ತಿ ಜೀವ ಇರುವವು ಅರವತ್ತೊಂದು. ಹೋದ ವರ್ಷ ಅರವತ್ತೆಂಟು ಇದ್ದವು. ಉಳಿದವುಗಳಲ್ಲಿ ಒಂದರಲ್ಲಿ ಡ್ರಮ್ಮಿಲ್ಲ, ಇನ್ನೊಂದರಲ್ಲಿ ಹಾಡುವವನಿಲ್ಲ, ಕೆಲವುಗಳಲ್ಲಿ ಯಾರೂ ಇಲ್ಲ. ಸೂಜಿ ಖಾಲಿ ಗೀರಿನಲ್ಲಿ ಓಡುವಾಗ ಬರುವ ಚಟಚಟ ಸದ್ದು ಅಷ್ಟೇ. ಬೇರೆ ಊರುಗಳಲ್ಲಿ ಸತ್ತವರು ರೆಕಾರ್ಡಿನಲ್ಲಿ ಹಾಡುತ್ತಲೇ ಇರುತ್ತಾರಂತೆ. ನಮ್ಮೂರಲ್ಲಿ ಹಾಗಿಲ್ಲ. ಮನುಷ್ಯ ಭೂಮಿಯ ಯಾವ ಮೂಲೆಯಲ್ಲೇ ಸಾಯಲಿ, ಆ ಗಳಿಗೆಗೇ ಅವನ ಪಾಲಿನ ಸದ್ದು ಇಲ್ಲಿಯ ಪ್ಲೇಟುಗಳಿಂದ, ಅಂದರೆ ರೆಕಾರ್ಡುಗಳಿಂದ, ಎದ್ದುಹೋಗುತ್ತದೆ. ಟೇಪಿನಲ್ಲಿ, ಫೋನಿನಲ್ಲಿ ಉಳಿಯುತ್ತದೆ. ಅದಕ್ಕೇ ಟೇಪನ್ನೂ ಫೋನನ್ನೂ ಈ ವಿಷಯದಲ್ಲಿ ಇಲ್ಲಿ ಯಾರೂ ನಂಬುವುದಿಲ್ಲ.

ಹೊರಗಿನ ವ್ಯಾಪಾರಿಗಳು ರೆಕಾರ್ಡನ್ನು ಬೆಳಕಿಗೆ ಹಿಡಿದು ಗೀರು ಎಷ್ಟಿವೆ, ಕವರಿನ ಮೂಲೆ ಮಡಚಿದೆಯೇ ಎಂದು ನೋಡಿ ದರ್ಜೆ ಹೇಳುತ್ತಾರೆ. ನಾವು ಆಣೆಯಲ್ಲಿ ಹೇಳುತ್ತೇವೆ, ಪೂರ್ತಿ ಜೀವಕ್ಕೆ ಹದಿನಾರಾಣೆ. ನಾಲ್ವರಲ್ಲಿ ಮೂವರು ಇದ್ದರೆ ಹನ್ನೆರಡಾಣೆ ಜೀವ, ಒಬ್ಬನೇ ಇದ್ದರೆ ನಾಲ್ಕಾಣೆ. ನನ್ನ ಹತ್ತಿರ ಎರಡಾಣೆಗೂ ಕಡಿಮೆಯದು ಒಂದಿದೆ. ಒಂಬತ್ತು ಜನರ ದೊಡ್ಡ ರಾಕ್ ತಂಡ, ಎಂಟು ಜನ ಹೋಗಿದ್ದಾರೆ, ಹಿಂದೆ ನಿಂತು ಗೆಜ್ಜೆಪಟ್ಟಿ ಅಲ್ಲಾಡಿಸುತ್ತಿದ್ದ ಒಬ್ಬ ಹೆಂಗಸು ಮಾತ್ರ ಉಳಿದಿದ್ದಾಳೆ. ಇಪ್ಪತ್ತೆರಡು ನಿಮಿಷದ ಒಂದು ಬದಿ ಪೂರ್ತಿ ಅವಳೊಬ್ಬಳೇ ಝಲ್ ಝಲ್ ಎನ್ನುತ್ತಾಳೆ. ನಡುವೆ ಐದು ನಿಮಿಷ ಸುಮ್ಮನಿರುತ್ತಾಳೆ, ಅಲ್ಲಿ ಗಿಟಾರಿನವನ ಆರ್ಭಟ ಇದ್ದಿರಬೇಕು. ಆಮೇಲೆ ಮತ್ತೆ ಝಲ್ ಝಲ್. ಕವರಿನ ಮೇಲೆ ಅವಳ ಹೆಸರೂ ಇಲ್ಲ. ಎಲ್ಲಿದ್ದಾಳೋ, ಮಂಡಿನೋವು ಇದೆಯೋ ಏನೋ, ತಿಂಗಳಿಗೊಮ್ಮೆ ಹಾಕಿ ಅವಳ ಯೋಗಕ್ಷೇಮ ವಿಚಾರಿಸಿಕೊಳ್ಳುತ್ತೇನೆ.

ನಾನು ಕೂಡಿಸಿದ್ದು ರಾಕ್ ಮತ್ತು ಪಂಕ್ ಮಾತ್ರ. ಸಿನಿಮಾ ಹಾಡು ಕೇಳಿಕೊಂಡು ಬಂದವರನ್ನು ಬಾಗಿಲಿನಿಂದಲೇ ಕಳಿಸುತ್ತೇನೆ, ಅದಕ್ಕೆ ನನಗೆ ಸೊಕ್ಕು ಎಂಬ ಹೆಸರೂ ಇದೆ. ನಮ್ಮದು ಗಣಿಯ ಊರು. ಗಣಿ ತೆಗೆದ ಬಿಳಿಯರು ಹೋಗುವಾಗ ತಮ್ಮ ಕ್ಲಬ್ಬಿನಲ್ಲಿ ಒಂದು ಕಪಾಟು ತುಂಬ ರಾಕ್ ರೆಕಾರ್ಡು ಬಿಟ್ಟುಹೋಗಿದ್ದರು. ಆಮೇಲಿನವು ದೂರದ ಬಂದರಿನ ಹಳೇ ಸಾಮಾನಿನ ಬಜಾರಿನಿಂದ ಬಂದವು. ರಾಕ್‌ನವರು ಸಾವಕಾಶದ ಜನ. ಗಿಟಾರಿನವ ಹೊರಟನೆಂದರೆ ನೀವು ಕೈ ತೊಳೆದು ಉಂಡು ಬಂದರೂ ಇನ್ನೂ ಹೊರಡುತ್ತಲೇ ಇರುತ್ತಾನೆ. ಪಂಕ್‌ನವರು ಬಸ್ಸು ತಪ್ಪೀತೆಂದು ಓಡುವ ಜನ. ಗಿಟಾರಿನ ಮೇಲೆ ಬೆರಳಿನ ಮೂರೇ ಪಟ್ಟು, ಎರಡೇ ನಿಮಿಷ, ಬೈಗುಳ ಮುಗಿಯುವುದರೊಳಗೆ ಹಾಡು ಮುಗಿದಿರುತ್ತದೆ. ನುಡಿಸಲು ಬರದಿದ್ದವನೂ ನುಡಿಸಬಹುದು ಎಂದು ನನಗೆ ಹೇಳಿಕೊಟ್ಟವರು ಅವರೇ, ಆ ಋಣ ನಾನು ಮರೆತಿಲ್ಲ.

ಆದರೆ ಸಿಟ್ಟಿಗೆ ಆಯುಷ್ಯ ಕಡಿಮೆ. ಪ್ರೀತಿ ಪ್ರೇಮ ಎಂದು ನುಲಿದವರು ಎಂಬತ್ತು ದಾಟಿ ಗಟ್ಟಿಮುಟ್ಟಾಗಿದ್ದಾರೆ, ನನ್ನ ಪಂಕ್‌ನವರು ಮೂವತ್ತಕ್ಕೇ ಖಾಲಿ. ಲಂಡನ್ನಿನ ಒಂದು ನಾಲ್ವರ ತಂಡದ ರೆಕಾರ್ಡು ತರಿಸಿದ್ದೆ. ಪಾರ್ಸೆಲು ಹಡಗಿನಲ್ಲಿ ನಾಲ್ಕು ತಿಂಗಳು ತೆಗೆದುಕೊಂಡಿತು. ಬಿಚ್ಚಿ ಹಾಕಿದರೆ ಹಾಡುವವನೇ ಇಲ್ಲ. ಹಡಗು ನೀರಿನಲ್ಲಿದ್ದಾಗಲೇ ಹೋಗಿದ್ದ. ಅವನ ದನಿಯನ್ನು ನಾನು ಒಮ್ಮೆಯೂ ಕೇಳಿಲ್ಲ. ಉಳಿದ ಮೂವರು ಅವನಿಗೆ ಜಾಗ ಬಿಟ್ಟು ನುಡಿಸುತ್ತಾರೆ, ಅವನು ಉಸಿರು ಎಳೆದುಕೊಳ್ಳಬೇಕಾದಲ್ಲಿ ತಡೆಯುತ್ತಾರೆ, ಮತ್ತೆ ಹೊರಡುತ್ತಾರೆ. ಅದನ್ನು ಮತ್ತೆ ಮತ್ತೆ ಹಾಕಿ ಕೇಳುತ್ತೇನೆ.

ಊರಿನ ಎಲ್ಲರ ದನಿಯೂ ಪ್ಲೇಟಿನಲ್ಲಿಲ್ಲ, ಬೆರಳೆಣಿಕೆಯ ಜನರದು ಇದೆ. ಹಿಂದೊಮ್ಮೆ ಭಜನಾ ಮಂಡಳಿಯದೊಂದು ಒತ್ತಿಸಿದ್ದರು, ಶಾಲೆಯ ಪ್ರಾರ್ಥನೆಯದೊಂದು. ಅವರಲ್ಲಿ ಯಾರಾದರೂ ದೂರ ಹೋಗಿ ಸುದ್ದಿ ಇಲ್ಲದಾದರೆ ಮನೆಯವರು ನನ್ನ ಹತ್ತಿರ ಬಂದು ದನಿ ನೋಡಿಸುತ್ತಾರೆ. ಕಣಿ ಕೇಳಿದಷ್ಟೇ ಸಹಜವಾದ ಮಾತು ಇದು. "ಅದಾನೇನ್ರಿ?" ಎಂದು ಕೇಳುತ್ತಾರೆ. ನಾನು ಸೂಜಿ ಇಟ್ಟು ಕೇಳಿ "ಅದಾನ" ಎಂದರೆ ಕೈ ಮುಗಿದು ಹೋಗುತ್ತಾರೆ. ಇಲ್ಲವೆಂದರೆ, ಆ ಪ್ಲೇಟಿನ ಎಷ್ಟು ಪ್ರತಿ ಊರಲ್ಲಿದ್ದರೂ ಮನೆಯವರ ಕೈಗೆ ಕೊಡಬೇಕು, ಅವರು ಅದನ್ನು ಒಡೆಯಬೇಕು. ಹೆಣ ಸಿಗದವರಿಗೆ ಅದೇ ಸಂಸ್ಕಾರ. ಮೂವತ್ತು ವರ್ಷದಲ್ಲಿ ನನ್ನ ಮಾತು ಒಮ್ಮೆಯೂ ಸುಳ್ಳಾಗಿರಲಿಲ್ಲ, ಅದರ ಹಮ್ಮು ನನ್ನ ತಲೆಗೆ ಚೆನ್ನಾಗಿಯೇ ಏರಿತ್ತು.

ನನ್ನ ದನಿಯೂ ಒಂದು ಪ್ಲೇಟಿನಲ್ಲಿದೆ. ದನಿಯಲ್ಲ, ಬೇಸ್ ಗಿಟಾರು. ಇಪ್ಪತ್ತೆರಡರ ವಯಸ್ಸಿನಲ್ಲಿ ನಾವು ಮೂವರು ಗಣಿಯ ಹುಡುಗರು ಒಂದು ಪಂಕ್ ತಂಡ ಕಟ್ಟಿದ್ದೆವು. ಹೆಸರು ಕೆಟ್ಟ ಗಾಳಿ. ಸುರಂಗದಲ್ಲಿ ತುಂಬಿಕೊಂಡು ಜನರನ್ನು ಕೊಲ್ಲುವ ಗಾಳಿಗೆ ಗಣಿಯಲ್ಲಿ ಹಾಗೆನ್ನುತ್ತಾರೆ. ಭೀಮಶಿ ಹಾಡುತ್ತಿದ್ದ, ಗಿಟಾರೂ ಅವನದೇ. ಯಮನೂರ ಡ್ರಮ್ಮು. ನಾನು ನೀಲಕಂಠ, ಬೇಸು. "ಪಗಾರ ಬ್ಯಾಡ, ಹಗಲು ಕೊಡ್ರಿ" ಎಂಬುದು ನಮ್ಮ ಹಾಡು. ಕತ್ತಲಿರುವಾಗಲೇ ಇಳಿದು ಕತ್ತಲಾದ ಮೇಲೆ ಮೇಲೆ ಬರುವವರಿಗೆ ಅದಕ್ಕಿಂತ ದೊಡ್ಡ ಬೇಡಿಕೆ ಇರಲಿಲ್ಲ. ಇನ್ನೂರು ಪ್ರತಿ ಒತ್ತಿಸಿದೆವು. ನಲವತ್ತು ಖರ್ಚಾದವು, ಉಳಿದವು ಮಜ್ಜಿಗೆ ಗಡಿಗೆಗಳ ಮುಚ್ಚಳವಾದವು. ಭೀಮಶಿ ಮದುವೆಯಾದ, ಗಿಟಾರು ಬಿಟ್ಟ, ಗಣಿ ಬಿಡಲಿಲ್ಲ. ನಾನು ಬೆನ್ನು ಮುರಿದುಕೊಂಡು ಗಣಿ ಬಿಟ್ಟೆ. ಯಮನೂರ ಒಂಬತ್ತು ವರ್ಷದ ಹಿಂದೆ ಮನೆಯಲ್ಲೇ ಹೋದ, ಹೆಣ ಕಣ್ಣೆದುರೇ ಇದ್ದುದರಿಂದ ಪ್ಲೇಟು ಒಡೆಯಬೇಕಾಗಲಿಲ್ಲ, ಅವನ ಡ್ರಮ್ಮು ಮಾತ್ರ ಹೋಯಿತು. ಈಗ ಊರಲ್ಲಿ ಎರಡೇ ಪ್ರತಿ ಉಳಿದಿದ್ದವು, ಎರಡೂ ನನ್ನ ಹತ್ತಿರ. ಒಂದು ಸವೆದು ಬೆಳ್ಳಗಾದದ್ದು. ಇನ್ನೊಂದು ಹೊಸದರಂತೆ ಮಿರಿಮಿರಿ ಮಿಂಚುವುದು, ಕವರಿನ ನಾಲ್ಕೂ ಮೂಲೆ ಚೂಪಾಗಿರುವುದು.

ಮಂಗಳವಾರ ಮುಂಜಾನೆ ಸುರಂಗ ಕುಸಿಯಿತು. ಒಳಗೆ ಇಬ್ಬರು ಸಿಕ್ಕಿಕೊಂಡರು, ಭೀಮಶಿ ಮತ್ತು ಮೌಲಾಸಾಬ. ಮೌಲಾಸಾಬ ನಿವೃತ್ತಿಗೆ ಎರಡು ವರ್ಷ ಬಾಕಿ ಇದ್ದ ಮೆತ್ತಗಿನ ಮನುಷ್ಯ, ಮಾತು ಕಡಿಮೆ, ಹಾಡಂತೂ ದೂರದ ಮಾತು. ಅವರಿದ್ದ ಕಡೆಗೆ ಹಳೆಯದೊಂದು ಗಾಳಿ ಪೈಪು ಹೋಗಿತ್ತು. ಅದು ಅಲ್ಲಿಯವರೆಗೆ ಗಟ್ಟಿಯಾಗಿದೆಯೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ಪೈಪಿಗೆ ಕಿವಿ ಹಚ್ಚಿ ಕೇಳಿದರು, ಏನೂ ಕೇಳಿಸಲಿಲ್ಲ. ಆದರೂ ದೇವರ ಮೇಲೆ ಭಾರ ಹಾಕಿ ಪಂಪಿನಿಂದ ಗಾಳಿ ಬಿಡುತ್ತ ಅಗೆಯತೊಡಗಿದರು. ಆ ಸಂಜೆ ಭೀಮಶಿಯ ಹೆಂಡತಿ ಗಿರಿಜವ್ವ ನಮ್ಮ ಮನೆಗೆ ಬಂದಳು, ಅವಳ ಹಿಂದೆ ಅರ್ಧ ಊರು. ನಾನು ಸೂಜಿ ಇಟ್ಟೆ. ಭೀಮಶಿ ಎಂದಿನಂತೆ ಗಂಟಲು ಹರಿಯುವ ಹಾಗೆ ಒದರಿದ. ಓಣಿಯಲ್ಲಿ ನಿಂತವರು ಸಿಳ್ಳೆ ಹಾಕಿದರು. ಗಿರಿಜವ್ವ ನನ್ನ ಕಾಲು ಹಿಡಿಯಲು ಬಂದಳು, ನಾನು ದೊಡ್ಡ ಮನುಷ್ಯನ ಹಾಗೆ ಬೇಡ ಬೇಡ ಎಂದೆ.

ಬುಧವಾರ ಬೆಳಿಗ್ಗೆ ಗಣಿಯ ಮ್ಯಾನೇಜರು ಟೆಂಪೋ ಕಳಿಸಿದರು. ಹೊರಗಿನಿಂದ ಬಂದವರಾದರೂ ನಮ್ಮೂರ ಪದ್ಧತಿಗೆ ಒಗ್ಗಿಹೋಗಿದ್ದರು. ಮೇಲಿನ ಸುರಂಗದ ಚಾವಣಿಯೂ ಬಿರುಕು ಬಿಟ್ಟಿದೆ, ಅಗೆಯುವವರ ಜೀವಕ್ಕೂ ಅಪಾಯ, ಒಳಗಿನವರು ಇದ್ದಾರೋ ಇಲ್ಲವೋ ಗಣಿಗೆ ಇಳಿಯುವ ಶಾಫ್ಟಿನ ಬಾಯಲ್ಲೇ ಎಲ್ಲರೆದುರು ಗೊತ್ತಾಗಲಿ ಎಂದು ಹೇಳಿಕಳಿಸಿದ್ದರು. ನಾನು ಪ್ಲೇಯರನ್ನು ಕೌದಿಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಹೊರಟೆ. ಜೊತೆಗೆ ಎರಡೂ ಪ್ರತಿ ಒಯ್ದೆ. ಆ ರಸ್ತೆಯಲ್ಲಿ ಟೆಂಪೋ ಕುಣಿಯುತ್ತ ಹೋಗುತ್ತದೆ, ಎರಡು ಸಲ ನನ್ನ ತಲೆ ಮೇಲಿನ ತಗಡಿಗೆ ಬಡಿಯಿತು.

ಶಾಫ್ಟಿನ ಬಾಯಲ್ಲಿ ಪ್ಲೇಯರನ್ನು ಗಣಿಯ ಭೋಂಗಾಕ್ಕೆ, ಅಂದರೆ ಊರಿಗೆಲ್ಲ ಕೇಳುವ ಧ್ವನಿವರ್ಧಕಕ್ಕೆ, ಜೋಡಿಸಿದೆವು. ಒಳ್ಳೆಯ ಪ್ರತಿಯನ್ನು ಹಾಕಿದೆ. ನನ್ನ ಬೇಸು ಬಂತು, ದುಂ ದುಂ ದುಂ ದುಂ. ಭೀಮಶಿಯ ಗಿಟಾರು ಸೇರಬೇಕಾದ ಜಾಗ ಬಂತು, ಹೋಯಿತು. ದನಿ ಬರಬೇಕಾದ ಜಾಗವೂ ಹೋಯಿತು. ನನ್ನ ಬೇಸು ಒಂದೇ ಆ ಭೋಂಗಾದಿಂದ ಊರ ಮೇಲೆ ಬಡಿಯುತ್ತ ಇತ್ತು. ಹಿಂದೆ ಸಣ್ಣದೊಂದು ಗುಂಯ್ ಸದ್ದಿತ್ತು, ಅದು ಪಂಪಿನದೆಂದುಕೊಂಡೆ.

ದನಿ ಇಲ್ಲವೆಂದಾಗ ಬೇರೊಂದು ರೆಕಾರ್ಡು ಹಾಕಿ ಯಂತ್ರ ಸರಿ ಇದೆಯೇ ಎಂದು ನೋಡಬೇಕು, ಅದು ನಾನೇ ಮಾಡಿಕೊಂಡ ನಿಯಮ. ಅದಕ್ಕೆಂದು ಬಹಳ ಹಳೆಯ ಕಾಲದ ಒಂದು ರಾಕ್ ರೆಕಾರ್ಡು ಒಯ್ಯುತ್ತೇನೆ, ಅದರಲ್ಲಿ ಹಾಡಿದ ಗಟ್ಟಿ ಮುದುಕ ಇನ್ನೂ ಇದ್ದಾನೆ. ಹಾಕಿದೆ. ಮುದುಕ ಖಣಖಣ ಹಾಡಿದ. ಯಂತ್ರ ಸರಿ ಇದೆ ಎಂದಾಯಿತು.

"ಏನು, ಇದ್ದಾರಾ ಇಲ್ವಾ? ಬಾಯಿ ಬಿಟ್ಟು ಹೇಳಿ," ಎಂದರು ಮ್ಯಾನೇಜರು.

"ಇಲ್ಲ," ಎಂದೆ.

ಗಿರಿಜವ್ವ ಅಳಲಿಲ್ಲ. ನೆಟ್ಟಗೆ ನನ್ನ ಹತ್ತಿರ ಬಂದಳು. "ಅಣ್ಣಾರ, ಇನ್ನೊಮ್ಮೆ ಹಾಕ್ರಿ. ಬ್ಯಾರೇ ಸೂಜಿಲೆ ಹಾಕ್ರಿ. ಮನಿಗೆ ಒಯ್ದು ಹಾಕ್ರಿ."

"ಸೂಜಿ ಸುಳ್ಳು ಹೇಳೂದಿಲ್ಲ ತಂಗಿ. ನಾ ಮೂವತ್ತು ವರ್ಷ ಆತು ಇದನ್ನ ಮಾಡಾಕತ್ತು," ಎಂದೆ. ನೂರಾರು ಜನ ನೋಡುತ್ತಿದ್ದರು. ಅವಳು ಹೇಳಿದಂತೆ ಇನ್ನೊಮ್ಮೆ ಹಾಕಿದರೆ ನನ್ನ ಮಾತಿಗೆ ಬೆಲೆ ಕಡಿಮೆಯಾದೀತು ಎಂಬ ಒಂದೇ ಕಾರಣಕ್ಕೆ ನಾನು ಹಾಕಲಿಲ್ಲ. ಇದನ್ನು ಈಗ ಬರೆಯುವಾಗ ನನ್ನ ಕೈಯನ್ನು ನಾನೇ ಕಡಿದುಕೊಳ್ಳಬೇಕು ಎನಿಸುತ್ತದೆ.

ಮೌಲಾಸಾಬನ ಮಗಳು ಶಮ್ಶಾದ ಗುಂಪಿನ ಅಂಚಿನಲ್ಲಿ ನಿಂತಿದ್ದಳು. ಶಾಲೆಯಲ್ಲಿ ಅಡಿಗೆ ಮಾಡುವ ಹೆಂಗಸು, ಕೈಯಲ್ಲಿ ಇನ್ನೂ ಹಿಟ್ಟು ಅಂಟಿತ್ತು. "ಕಾಕಾ, ಭೀಮಶಿ ಕಾಕಾಂದು ಆತು. ನಮ್ಮ ಅಬ್ಬಾಂದು?" ಎಂದಳು. ನಾನು ಮ್ಯಾನೇಜರ ಮುಖ ನೋಡಿದೆ. ಇಬ್ಬರೂ ಒಂದೇ ಜಾಗದಲ್ಲಿದ್ದವರು, ಒಬ್ಬ ಹೋದನೆಂದರೆ ಇಬ್ಬರೂ ಹೋದಂತೆಯೇ ಎಂದು ಯಾರೋ ಸಮಾಧಾನ ಹೇಳಿದರು. "ನಮ್ಮ ಅಬ್ಬಾನ ಪ್ಲೇಟು ಯಾರೂ ಮಾಡಿಸ್ಲಿಲ್ಲಲ್ರಿ," ಎಂದಷ್ಟೇ ಹೇಳಿ ಅವಳು ಕಲ್ಲಿನ ಮೇಲೆ ಕೂತಳು. ಹತ್ತು ಗಂಟೆಗೆ ಅಗೆಯುವವರನ್ನು ಮೇಲೆ ಕರೆದರು. ಪಂಪು ನಿಲ್ಲಿಸಿದರು. ಒಂದು ಹಗಲು ಒಂದು ರಾತ್ರಿ ಕೂಗುತ್ತಿದ್ದ ಪಂಪು ನಿಂತಾಗ ಕಿವಿಗೆ ಒಂದು ಥರ ಹಿತವಾಯಿತು ಎಂಬುದೂ ನನಗೆ ನೆನಪಿದೆ.

ಆಮೇಲೆ ಪ್ಲೇಟು ಒಡೆಯುವ ಸಂಸ್ಕಾರ. ಇಲ್ಲಿ ನಾನು ಮಾಡಿದ್ದನ್ನು ಹೇಳಲೇಬೇಕು. ಇರುವ ಎಲ್ಲ ಪ್ರತಿಯನ್ನೂ ಕೊಡಬೇಕು ತಾನೇ? ನಾನು ಸವೆದ ಪ್ರತಿಯೊಂದನ್ನೇ ಗಿರಿಜವ್ವನ ಕೈಗೆ ಕೊಟ್ಟೆ. ಒಳ್ಳೆಯದನ್ನು ಕೌದಿಯ ಮಡಿಕೆಯಲ್ಲಿ ಸರಿಸಿದೆ. ಗೆಳೆಯ ಸತ್ತಿದ್ದಾನೆ, ಅವನ ಹೆಂಡತಿ ಎದುರಿಗೆ ನಿಂತಿದ್ದಾಳೆ, ನನ್ನ ತಲೆಯಲ್ಲಿ ಓಡಿದ್ದು ಚೂಪಾದ ಆ ನಾಲ್ಕು ಮೂಲೆ. ಕೂಡಿಸುವ ಚಟ ಹಿಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಉಳಿದವರಿಗೆ ಹೇಳಿದರೂ ತಿಳಿಯುವುದಿಲ್ಲ. ಗಿರಿಜವ್ವ ಪ್ಲೇಟನ್ನು ಮೊಣಕಾಲಿಗೆ ಹಚ್ಚಿ ಎರಡು ಹೋಳು ಮಾಡಿದಳು. ಮುದುಕಿಯರು ಬಳೆ ಒಡೆಯಲು ಬಂದರೆ "ಹೆಣ ಬರ್ಲಿ, ಆಮ್ಯಾಲ" ಎಂದು ಕೈ ಹಿಂದೆ ಕಟ್ಟಿಕೊಂಡಳು. ಒಬ್ಬೊಬ್ಬರಾಗಿ ಎಲ್ಲರೂ ಮನೆಗೆ ಹೋದರು. ನಾನೂ ಹೋಗಿ ಸ್ನಾನ ಮಾಡಿದೆ, ಉಂಡೆ, ಮಲಗಿದೆ. ಹಿಂದಿನ ರಾತ್ರಿ ನಿದ್ದೆ ಇರಲಿಲ್ಲ, ಗಾಢ ನಿದ್ದೆ ಬಂತು.

ಎದ್ದಾಗ ಐದು ಗಂಟೆ. ಮನಸ್ಸಿಗೆ ಏನಾದರೂ ಬೇಕು ಎನಿಸಿ ಪ್ಲೇಯರನ್ನು ಅದರ ಜಾಗದಲ್ಲಿಟ್ಟು ಉದ್ದನೆಯದೊಂದು ರಾಕ್ ರೆಕಾರ್ಡು ಹಾಕಿದೆ. ಮನೆಯಲ್ಲಿ ನನಗೆ ಎರಡು ಸ್ಪೀಕರ್ ಪೆಟ್ಟಿಗೆಗಳಿವೆ, ಎಡಕ್ಕೊಂದು ಬಲಕ್ಕೊಂದು. ಆ ತಂಡದಲ್ಲಿ ಇಬ್ಬರು ಗಿಟಾರಿನವರು, ಒಬ್ಬ ಎಡಕ್ಕೆ, ಒಬ್ಬ ಬಲಕ್ಕೆ. ಎಡಗಡೆಯವನು ಬರಲಿಲ್ಲ. ಅಯ್ಯೋ ಇವನೂ ಇವತ್ತೇ ಹೋದನೇ ಎಂದು ಮರುಗಿದೆ. ಇನ್ನೊಂದು ಹಾಕಿದೆ. ಅದರಲ್ಲಿ ಹಾಡುವವನು ಎಡಕ್ಕೆ, ಅವನೂ ಇಲ್ಲ. ಮೂರನೆಯದರಲ್ಲೂ ಎಡಗಡೆಯವರು ಯಾರೂ ಇಲ್ಲ. ಜಗತ್ತಿನ ಎಡಗಡೆಯವರೆಲ್ಲ ಒಂದೇ ದಿನ ಸಾಯುತ್ತಾರೆಯೇ? ಭೂತಗನ್ನಡಿ ಹಿಡಿದು ಬಗ್ಗಿ ನೋಡಿದೆ. ಸೂಜಿಯ ಹಿಂದೆ ಕೂದಲಿನಷ್ಟು ತೆಳ್ಳಗಿನ ನಾಲ್ಕು ತಂತಿಗಳಿರುತ್ತವೆ. ಅವುಗಳಲ್ಲಿ ಬಿಳಿಯದು, ಎಡಗಡೆಯ ಸದ್ದು ತರುವುದು, ಟೆಂಪೋದ ಕುಣಿತಕ್ಕೆ ಕಿತ್ತು ನೇತಾಡುತ್ತಿತ್ತು. ಶಾಫ್ಟಿನ ಬಾಯಲ್ಲಿ ಕೇಳಿದ ಗುಂಯ್ ಸದ್ದು ಪಂಪಿನದಲ್ಲ, ಇದರದು.

ನಮ್ಮ ಹಾಡನ್ನು ಒತ್ತುವಾಗ ಭೀಮಶಿಯ ದನಿ, ಗಿಟಾರು ಎರಡನ್ನೂ ಎಡಕ್ಕೆ ಹಾಕಿದ್ದರು, ನನ್ನ ಬೇಸು, ಯಮನೂರನ ಡ್ರಮ್ಮು ಬಲಕ್ಕೆ. ಖಾತ್ರಿಗೆಂದು ಹಾಕಿದ ಮುದುಕನ ರೆಕಾರ್ಡು ಎಡ ಬಲ ಎಂಬ ಭೇದ ಹುಟ್ಟುವ ಮೊದಲಿನದು. ಅದರಲ್ಲಿ ಎರಡೂ ಕಡೆ ಒಂದೇ ಸದ್ದು. ಒಂದು ತಂತಿ ಕಿತ್ತಿದ್ದರೂ ಅದು ಪೂರ್ತಿಯೇ ಕೇಳುತ್ತದೆ. ಇದೆಲ್ಲ ನನಗೆ ಗೊತ್ತಿದ್ದ ಸಂಗತಿ. ಬೇರೆಯವರು ತಪ್ಪಿದ್ದರೆ ನಾನು ನಕ್ಕುಬಿಡುತ್ತಿದ್ದೆ. ಚಿಮಟದಲ್ಲಿ ತಂತಿಯನ್ನು ಒತ್ತಿ ಕೂರಿಸಿದೆ. ಕೌದಿಯೊಳಗಿನಿಂದ ಒಳ್ಳೆಯ ಪ್ರತಿಯನ್ನು ತೆಗೆದು ಹಾಕಿದೆ. ಎಡಗಡೆಯ ಪೆಟ್ಟಿಗೆಯಿಂದ ಭೀಮಶಿ ನನ್ನ ಮುಖಕ್ಕೆ ಒದರಿದ, ಪಗಾರ ಬ್ಯಾಡ, ಹಗಲು ಕೊಡ್ರಿ.

ನಾನು ತಕ್ಷಣ ಎದ್ದು ಓಡಿದೆ ಎಂದು ಬರೆಯಬಹುದಿತ್ತು. ಓಡಲಿಲ್ಲ. ಹಾಡು ಮುಗಿಯುವವರೆಗೆ ಕೂತೆ. ಮಗುಚಿ ಹಾಕಿ ಇನ್ನೊಂದು ಬದಿಯನ್ನೂ ಕೇಳಿದೆ. ಹೇಳಿದರೆ ಊರು ನನ್ನನ್ನು ಏನು ಮಾಡೀತು, ಈ ಪ್ರತಿ ಎಲ್ಲಿಂದ ಬಂತೆಂದು ಕೇಳಿದರೆ ಏನು ಹೇಳಲಿ ಎಂದು ಲೆಕ್ಕ ಹಾಕಿದೆ. ಎರಡೂ ಬದಿ ಸೇರಿ ಐದು ನಿಮಿಷ. ಆಮೇಲೆ ಚಪ್ಪಲಿ ಮೆಟ್ಟದೆ ಓಡಿದೆ.

ಗಿರಿಜವ್ವನ ಮನೆಯ ತುಂಬ ಹೆಂಗಸರು ಕೂತಿದ್ದರು. "ಅದಾನ," ಎಂದೆ ಬಾಗಿಲಲ್ಲಿ ನಿಂತು. "ತಂತಿ ಕಿತ್ತಿತ್ತು. ತಪ್ಪು ನಂದು. ಭೀಮಶಿ ಅದಾನ."

ಅವಳು ನಿಧಾನವಾಗಿ ಎದ್ದಳು. "ಪ್ಲೇಟು ನಾ ಒಡದೆನಲ್ರಿ. ಮತ್ತ ಯಾವುದರಾಗ ಕೇಳಿದ್ರಿ?"

"ಇನ್ನೊಂದಿತ್ತು. ಮುಚ್ಚಿಟ್ಟಿದ್ದೆ."

ಅವಳು ಬೈದಿದ್ದರೆ, ಹೊಡೆದಿದ್ದರೆ ಆಗುತ್ತಿತ್ತು. ನನ್ನನ್ನು ದಾಟಿಕೊಂಡು ಹೊರಗೆ ನಡೆದಳು, ದಾರಿಯಲ್ಲಿ ಶಮ್ಶಾದಳ ಬಾಗಿಲು ಬಡಿದು ಕರೆದುಕೊಂಡಳು. ಐದೂವರೆಗೆ ಪಂಪು ಮತ್ತೆ ಶುರುವಾಯಿತು. ಏಳೂವರೆ ತಾಸು ನಿಂತಿತ್ತು. ಮ್ಯಾನೇಜರು ನನ್ನ ಕಡೆ ನೋಡಲಿಲ್ಲ. ಅವರು ಹೇಳಿದ್ದು ಒಂದೇ, ಚಾವಣಿ ಯಾವಾಗ ಬೇಕಾದರೂ ಬೀಳಬಹುದು, ದನಿ ಇರುವವರೆಗೆ ಮಾತ್ರ ಜನರನ್ನು ಕೆಳಗೆ ಇಳಿಸುತ್ತೇನೆ, ತಾಸಿಗೊಮ್ಮೆ ನನಗೆ ತಿಳಿಸಬೇಕು. ಭೋಂಗಾ ಬೇಡವೆಂದಳು ಗಿರಿಜವ್ವ. "ಊರೆಲ್ಲಾ ಕೇಳಿ ಊರೆಲ್ಲಾ ಕೈ ಬಿಟ್ಟಿದ್ದು ಸಾಕು. ಇನ್ನ ಮ್ಯಾಲ ನಾ ಕೇಳ್ತೀನಿ. ನೀವು ಸೂಜಿ ಇಡ್ರಿ, ಅಷ್ಟ." ಪಂಪಿನ ಪಕ್ಕದ ತಗಡಿನ ಶೆಡ್ಡಿನಲ್ಲಿ ಪ್ಲೇಯರು ಇಟ್ಟೆವು. ಅವಳು ಹೆಡ್‌ಫೋನು ಹಾಕಿಕೊಂಡು ಸ್ಟೂಲಿನ ಮೇಲೆ ಕೂತಳು. ಗಂಡ ಇಪ್ಪತ್ತೆರಡರ ಹುಡುಗನಾಗಿ ಕಿವಿಯಲ್ಲಿ ಒದರುವುದನ್ನು ಆ ರಾತ್ರಿಯೆಲ್ಲ, ಮರುದಿನ ಬೆಳಗೆಲ್ಲ ಕೇಳಿದಳು. ಮದುವೆಗೆ ಮೊದಲಿನ ಆ ಹುಡುಗನನ್ನು ಅವಳು ನೋಡಿಯೇ ಇರಲಿಲ್ಲ. ತಾಸಿಗೊಮ್ಮೆ ಮ್ಯಾನೇಜರು ಬಾಗಿಲಿಗೆ ಬರುತ್ತಿದ್ದರು, ಅವಳು "ಅದಾನ್ರಿ" ಎನ್ನುತ್ತಿದ್ದಳು. ಶಮ್ಶಾದ ಚಹಾ ಮಾಡಿ ತರುತ್ತಿದ್ದಳು, ನನ್ನ ಲೋಟವನ್ನು ನೆಲದ ಮೇಲೆ ಇಟ್ಟು ಹೋಗುತ್ತಿದ್ದಳು.

ಗುರುವಾರ ಬೆಳಿಗ್ಗೆ ಹನ್ನೊಂದು ಗಂಟೆ ಇರಬೇಕು. ಸೂಜಿಗೆ ತನ್ನದೇ ಒಂದು ಸಣ್ಣ ಸದ್ದಿರುತ್ತದೆ. ಸ್ಪೀಕರು ಇಲ್ಲದಿದ್ದರೂ ಕಿವಿಯನ್ನು ಹತ್ತಿರ ಒಯ್ದರೆ ಪ್ಲೇಟಿನ ಮೇಲೆಯೇ ಹಾಡು ಇರುವೆಯ ದನಿಯಷ್ಟು ಕೇಳುತ್ತದೆ. ನಾನು ಬಗ್ಗಿ ಅದನ್ನೇ ಕೇಳುತ್ತಿದ್ದೆ. ಎರಡನೆಯ ಚರಣದ ನಡುವೆ, ಹಗಲು ಎಂಬ ಮಾತು ಪೂರ್ತಿಯಾಗುವ ಮೊದಲೇ, ಭೀಮಶಿ ನಿಂತ. ಗಿಟಾರೂ ನಿಂತಿತು. ನನ್ನ ಬೇಸು ಮಾತ್ರ ಟಿಕ್ ಟಿಕ್ ಎಂದು ಮುಂದೆ ಹೋಯಿತು. ಒಮ್ಮೆಲೇ ತಂತಿ ನೋಡಿದೆ. ನಾಲ್ಕೂ ಗಟ್ಟಿಯಾಗಿದ್ದವು. ತಲೆ ಎತ್ತಿದೆ. ಗಿರಿಜವ್ವನ ಕಣ್ಣು ನನ್ನ ಮೇಲೇ ಇತ್ತು. ಹೆಡ್‌ಫೋನು ತೆಗೆಯಲಿಲ್ಲ.

ಬಾಗಿಲಲ್ಲಿ ಮ್ಯಾನೇಜರು. "ಇದ್ದಾರಾ?"

ಗಿರಿಜವ್ವನ ಹಿಂದೆ ಚಹಾದ ಕಿಟ್ಲಿ ಹಿಡಿದು ಶಮ್ಶಾದ ನಿಂತಿದ್ದಳು. ಗಿರಿಜವ್ವ ಒಮ್ಮೆ ಅವಳ ಕಡೆ ತಿರುಗಿ ನೋಡಿದಳು.

"ಅದಾನ್ರಿ," ಎಂದಳು.

ಮ್ಯಾನೇಜರು ಹೋದರು. ನಾನು ಏನೋ ಹೇಳಲು ಬಾಯಿ ತೆರೆದೆ. "ಸೂಜಿ ಇಡ್ರಿ," ಎಂದಳು. ಇಟ್ಟೆ. ಶುಕ್ರವಾರ ಮಧ್ಯಾಹ್ನದವರೆಗೆ ಇಡುತ್ತಲೇ ಇದ್ದೆ. ಇಪ್ಪತ್ತೇಳು ತಾಸು ಅವಳು ನನ್ನ ಬೇಸೊಂದನ್ನೇ ಕೇಳುತ್ತ, ತಾಸಿಗೊಮ್ಮೆ ಗಂಡ ಇದ್ದಾನೆಂದು ಹೇಳಿದಳು. ಹಣೆಯ ಕುಂಕುಮ ಅಳಿಸಲಿಲ್ಲ, ಬಳೆ ತೆಗೆಯಲಿಲ್ಲ, ಅಳಲಿಲ್ಲ. ಒಮ್ಮೆ ಮಾತ್ರ ಶಮ್ಶಾದ ಅವಳ ಮುಂದೆ ರೊಟ್ಟಿ ಹಿಡಿದಾಗ ತಿನ್ನುತ್ತ ತಿನ್ನುತ್ತ ನಿಂತುಬಿಟ್ಟಳು, ಬಾಯಲ್ಲಿದ್ದದ್ದನ್ನು ನುಂಗಲು ಬಹಳ ಹೊತ್ತು ಹಿಡಿಯಿತು. ಚಾವಣಿ ಬೀಳಲಿಲ್ಲ. ಬಿದ್ದಿದ್ದರೆ ಆ ಪಾಪ ಅವಳ ತಲೆಗೆ ಬರುತ್ತಿತ್ತು, ಅದೂ ಅವಳಿಗೆ ಗೊತ್ತಿತ್ತು.

ಶುಕ್ರವಾರ ಎರಡು ಗಂಟೆಗೆ ಒಡೆದು ಒಳಗೆ ಹೋದರು. ಮೌಲಾಸಾಬನನ್ನು ಜೀವಸಹಿತ ತಂದರು, ಒಂದು ಕಾಲು ಜಜ್ಜಿಹೋಗಿತ್ತು. ಅವನ ಹಿಂದೆ ಭೀಮಶಿಯನ್ನು ತಂದರು. ಹೋಗಿ ಒಂದು ದಿನದ ಮೇಲಾಗಿದೆ ಎಂದರು ಡಾಕ್ಟರು. ಮ್ಯಾನೇಜರು ಗಿರಿಜವ್ವನ ಮುಖ ನೋಡಿ ತಲೆ ತಗ್ಗಿಸಿದರು. ಆಗ ಅವಳು ಹೆಡ್‌ಫೋನು ತೆಗೆದು ನನ್ನ ಕೈಗೆ ಕೊಟ್ಟು ಹೊರಗೆ ಹೋದಳು. ಸ್ವಲ್ಪ ಹೊತ್ತಿನ ಮೇಲೆ ಅವಳು ಅತ್ತದ್ದು ಕೇಳಿಸಿತು.

ನಾಲ್ಕು ದಿನ ಬಿಟ್ಟು ಆಸ್ಪತ್ರೆಗೆ ಹೋದೆ. ಹೋಗದೆ ಇರಬಹುದಿತ್ತು, ಇರಲಾಗಲಿಲ್ಲ. ಮೌಲಾಸಾಬ ದಿಂಬಿಗೆ ಒರಗಿದ್ದ, ಶಮ್ಶಾದ ಬ್ರೆಡ್ಡನ್ನು ಹಾಲಿನಲ್ಲಿ ಅದ್ದಿ ತಿನ್ನಿಸುತ್ತಿದ್ದಳು. ನನ್ನನ್ನು ಕಂಡು ಅವನ ಮುಖ ಅರಳಿತು. ಮಗಳು ಅವನಿಗೆ ಏನನ್ನೂ ಹೇಳಿರಲಿಲ್ಲ.

"ಬರ್ರಿ ನೀಲಕಂಠಣ್ಣ. ನಿಮ್ಮ ಹೆಸರ ಹೇಳಿ ಹೇಳಿ ನನ್ನ ಜೀವ ಉಳಿಸಿದಾ ರೀ ಅವ," ಎಂದ. ಜೀವಮಾನದಲ್ಲಿ ಅವನು ಅಷ್ಟು ಮಾತಾಡಿದ್ದು ನಾನು ಕೇಳಿರಲಿಲ್ಲ. "ಮೊದಲನೇ ದಿನ ಪೈಪಿನ ಬಾಯಿ ಮಣ್ಣಾಗ ಹೂತಿತ್ರಿ. ಇಬ್ರೂ ಕೈಲೆ ಕೆದರಿ ತಗದ್ವಿ. ಗಾಳಿ ಬರಾಕತ್ತಿತು. ಎಷ್ಟ ಒದರಿದ್ರೂ ಪಂಪಿನ ಸದ್ದಿನಾಗ ನಮ್ಮ ದನಿ ನಮಗ ಕೇಳ್ತಿದ್ದಿಲ್ಲ. ಮರುದಿನ ಪಂಪು ನಿಂತ್ಬಿಡ್ತು ನೋಡ್ರಿ. ನಾ ಅಳಾಕತ್ತೆ, ನಮ್ಮನ್ನ ಬಿಟ್ಟ್ರು ಅಂತ. ಭೀಮಶಿ ನಕ್ಕ. ಹುಚ್ಚ, ಬಿಟ್ಟಿಲ್ಲೋ, ಬೇಕಂತ ನಿಲ್ಸ್ಯಾರ ಅಂದ. ನಮ್ಮ ದನಿ ಕೇಳಾಕ ನಿಲ್ಸ್ಯಾರ, ಮ್ಯಾಲ ನೀಲಕಂಠ ಪೈಪಿಗೆ ಕಿವಿ ಹಚ್ಚಿ ಕುಂತಿರ್ತಾನ ಅಂದ."

ಶಮ್ಶಾದ ಚಮಚವನ್ನು ಬಟ್ಟಲಲ್ಲಿ ಬಿಟ್ಟಳು.

"ಪೈಪಿಗೆ ಬಾಯಿ ಹಚ್ಚಿ ಹಾಡಾಕ ಚಾಲೂ ಮಾಡಿದಾ ರೀ. ನಿಮ್ಮ ಹಾಡು, ಹಗಲು ಕೊಡ್ರಿ ಅಂತ. ನನ್ನ ಕೈಯಾಗ ಕಲ್ಲು ಕೊಟ್ಟು, ನೀ ಡ್ರಮ್ಮು ಬಡಿ ಅಂದ. ಗಾಳಿ ಕಡಿಮಿ ಆಗಾಕತ್ತೈತಿ, ಉಸಿರು ಉಳಿಸ್ಕೊ ಅಂತ ಕೈ ಮುಗದೆ. ಕೇಳ್ಲಿಲ್ಲ. ಅವನ ಎದಿ ಮೊದಲೇ ಧೂಳು ತಿಂದಿದ್ದು, ಹಾಡಿದಂಗ ರಕ್ತ ಬರ್ತಿತ್ತು. ಇನ್ನೊಂದ ಸಲ, ಅವಗ ಕೇಳಿರಾಕಿಲ್ಲ, ಇನ್ನೊಂದ ಸಲ ಅಂತಿದ್ದ. ಪಂಪು ಮತ್ತ ಚಾಲೂ ಆತಲ್ರಿ, ಆಗ ನಿಲ್ಲಿಸಿದ. ಕೇಳಿತು ನೋಡು ಅಂದ. ಆಮ್ಯಾಲ ಮಾತಾಡಾಕ ಅವಗ ದನಿ ಇದ್ದಿಲ್ಲ." ಮೌಲಾಸಾಬ ನನ್ನ ಕೈ ಹಿಡಿದುಕೊಂಡ. "ಕೇಳಿತಲ್ರಿ ನಿಮಗ?"

ಹೌದು ಎನ್ನಬಹುದಿತ್ತು. ಶಮ್ಶಾದ ನನ್ನನ್ನೇ ನೋಡುತ್ತಿದ್ದಳು, ಅವಳೂ ನಾನು ಹೌದೆನ್ನಲಿ ಎಂದು ಬಯಸಿದ್ದಳೇನೋ. ಆದರೆ ಆ ಮನುಷ್ಯನ ಕೈ ನನ್ನ ಕೈಯಲ್ಲಿತ್ತು.

"ಇಲ್ಲ ಮೌಲಾಸಾಬ," ಎಂದೆ. "ಅಲ್ಲಿ ಯಾರೂ ಇದ್ದಿಲ್ಲ. ನೀವು ಸತ್ತೀರಿ ಅಂತ ನಾನೇ ಹೇಳಿದ್ದೆ, ಅದಕ್ಕ ಪಂಪು ನಿಲ್ಲಿಸಿದ್ರು. ನಾ ಉಂಡು ಮನ್ಯಾಗ ಮಲಗಿದ್ದೆ."

ಅವನು ನನ್ನ ಕೈ ಬಿಡಲಿಲ್ಲ, ಬಿಡಬೇಕೆಂಬುದು ಹೊಳೆಯಲಿಲ್ಲವೋ ಏನೋ. ಮಗಳ ಮುಖ ನೋಡಿದ, ಮತ್ತೆ ನನ್ನ ಮುಖ ನೋಡಿದ. ಆಮೇಲೆ, ತಿಳಿಯದೆ ಇದ್ದದ್ದನ್ನು ಕೇಳಿ ತಿಳಿದುಕೊಳ್ಳುವವನ ಹಾಗೆ, ಮೆತ್ತಗೆ ಕೇಳಿದ.

"ಹಂಗಾರ ಅವ ಅಷ್ಟೊತ್ತು ಯಾರಿಗೆ ಹಾಡಿದಾ ರೀ?"